ಕಳ್ಳರಿಗೂ ಬೇಡದ ಅಂಗಡಿ

ಎಲ್ಲದಕ್ಕೂ ಕಾರಣ ಒಂದು ಸೊನ್ನೆ.

ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಹಾಕುತ್ತಲೇ ಲಾಂಬ್ರೊಸನ ಕಣ್ಣಿಗೆ ಬಿದ್ದದ್ದು ಅದೇ. "ಶುಭೋದಯ. ನಿಮ್ಮ ಅಂಗಡಿಯ ಮೇಲೆ ತಡೆದ ದಾಳಿಗಳು: 0." ಕೋಳಿಮೊಟ್ಟೆಯಂತೆ ದುಂಡಗೆ, ನುಣ್ಣಗೆ, ಒಂದಿಷ್ಟೂ ನಾಚಿಕೆಯಿಲ್ಲದೆ ಕುಳಿತಿತ್ತು ಆ ಸೊನ್ನೆ. ತಲೆಯೆತ್ತಿದರೆ ಬೀದಿಯ ಆಚೆ ಬದಿಗೆ ಝೀಸಿಸನ ಅಂಗಡಿ. ಅವನು ಮದುವೆಯ ಕಿರೀಟಗಳ, ಮೇಣದಬತ್ತಿಗಳ ನಡುವೆ ಗಾಜಿನ ಹಿಂದೆ ದೊಡ್ಡ ಪರದೆಯೊಂದನ್ನೇ ನಿಲ್ಲಿಸಿಕೊಂಡಿದ್ದ. ಅದರಲ್ಲಿ ಕುಂಬಳಕಾಯಿ ಗಾತ್ರದ ಅಂಕಿಗಳು: "ತಡೆದ ದಾಳಿಗಳು: 312." ದೃಷ್ಟಿಯಾಗದಿರಲಿ ಎಂದು ಪರದೆಯ ಮೂಲೆಗೆ ನೀಲಿ ಕಣ್ಣಿನ ಮಣಿ ಬೇರೆ. ಆ ಮಣಿಯನ್ನು ತನಗಾಗಿಯೇ ಕಟ್ಟಿದ್ದಾನೆ ಎಂದು ಲಾಂಬ್ರೊಸನಿಗೆ ಅನ್ನಿಸಿತು. ಅನ್ನಿಸಿದ್ದು ತಪ್ಪೇನೂ ಅಲ್ಲ.

ತ್ರಿಕಲ ಪಟ್ಟಣದ ಆ ಬೀದಿಯಲ್ಲಿ ಇಬ್ಬರದೂ ಒಂದೇ ವ್ಯಾಪಾರ. ಮದುವೆಗೂ ಮಕ್ಕಳ ನಾಮಕರಣಕ್ಕೂ ಹಂಚುವ ಸಕ್ಕರೆ ಬಾದಾಮಿಯ ಪುಟ್ಟ ಗಂಟುಗಳು. ಝೀಸಿಸ್ ಬಿಳಿ ರಿಬ್ಬನ್ ತಂದರೆ ಲಾಂಬ್ರೊಸ್ ಅದಕ್ಕಿಂತ ಬಿಳಿಯದನ್ನು ತರುತ್ತಿದ್ದ. ಝೀಸಿಸ್ ಬಾಗಿಲಲ್ಲಿ ನಿಂಬೆಗಿಡ ಇಟ್ಟರೆ ಲಾಂಬ್ರೊಸ್ ಎರಡು ಇಡುತ್ತಿದ್ದ. ಅವು ಒಣಗುತ್ತಿದ್ದವು, ಅದು ಬೇರೆ ಮಾತು.

ಹೋದ ತಿಂಗಳು ಹಿಂದಿನ ಬೀದಿಯ ಕನ್ನಡಕದಂಗಡಿಯ ಕಂಪ್ಯೂಟರಿಗೆ ಯಾರೋ ಎಲ್ಲೋ ಕುಳಿತು ಬೀಗ ಜಡಿದು ಹಣ ಕೇಳಿದ್ದರು. ಕೂಡಲೇ ಬೀದಿಯ ವರ್ತಕರ ಸಂಘದ ಅಧ್ಯಕ್ಷೆ ಎವಾಂಥಿಯಾ ಸಭೆ ಕರೆದರು. "ದೊಡ್ಡ ಕಂಪನಿಗಳಿಗೆ ಕಾಯೋದಕ್ಕೆ ಜನ ಇರ್ತಾರೆ. ಬಾದಾಮಿ ಮಾರೋನಿಗೆ, ಚಪ್ಪಲಿ ಮಾರೋನಿಗೆ ಯಾರಿದ್ದಾರ್ರಪ್ಪ?" ಎಂದು ಕೇಳಿ, ಎಲ್ಲ ಅಂಗಡಿಗಳಿಗೂ ಕೃತಕ ಬುದ್ಧಿಮತ್ತೆಯ ಕಾವಲುಗಾರನನ್ನು ಹಾಕಿಸಿದರು. ಅಂಗಡಿಯವನು ಯಾವ ಹೊತ್ತಿಗೆ ಬರುತ್ತಾನೆ, ಕೀಲಿಗಳನ್ನು ಹೇಗೆ ಒತ್ತುತ್ತಾನೆ, ಎಲ್ಲಿ ತಪ್ಪುತ್ತಾನೆ ಎಂಬುದನ್ನೆಲ್ಲ ಅದು ತಾನೇ ನೋಡಿ ಕಲಿತುಕೊಳ್ಳುತ್ತಿತ್ತು. ಗೊತ್ತಿಲ್ಲದ ಕೈ ಬಾಗಿಲು ಬಡಿದರೆ ಹೊರಗೇ ನಿಲ್ಲಿಸುತ್ತಿತ್ತು. ಎಷ್ಟು ಸಲ ನಿಲ್ಲಿಸಿದೆ ಎಂದು ದಿನವೂ ಲೆಕ್ಕ ಕೊಡುತ್ತಿತ್ತು. ಆ ಲೆಕ್ಕವೇ ಲಾಂಬ್ರೊಸನ ಹೊಟ್ಟೆಗೆ ಬೆಂಕಿಯಿಟ್ಟದ್ದು.

"ಸೊನ್ನೆ ಅಂದ್ರೆ ಒಳ್ಳೇದೇ ಅಲ್ವಾ?" ಎಂದಳು ಹೆಂಡತಿ ವಾಯಾ, ಬಾದಾಮಿಗಳನ್ನು ಬಲೆಬಟ್ಟೆಯಲ್ಲಿ ಕಟ್ಟುತ್ತ.

"ಏನ್ ಒಳ್ಳೇದು? ಜಗತ್ತಿನ ಕಳ್ಳರೆಲ್ಲ ನಮ್ಮ ಬೀದಿವರೆಗೆ ಬರ್ತಾರೆ, ಆ ಕಡೆ ತಿರುಗ್ತಾರೆ. ನಮ್ಮ ಅಂಗಡಿ ಅವರ ಕಣ್ಣಿಗೂ ಬೀಳಲ್ಲ!"

ಅವನು ಕಾವಲುಗಾರನನ್ನು ಮಾರಿದ ಕಂಪನಿಗೆ ಫೋನ್ ಮಾಡಿದ. ಅತ್ತ ಕಡೆಯ ಹುಡುಗಿ ಎಲ್ಲ ಪರೀಕ್ಷಿಸಿ, "ಸರ್, ಕಾವಲು ಚೆನ್ನಾಗೇ ಕೆಲಸ ಮಾಡ್ತಿದೆ. ಯಾರೂ ಬಂದಿಲ್ಲ ಅಷ್ಟೇ. ಅಭಿನಂದನೆಗಳು" ಎಂದಳು.

"ಅಲ್ಲಮ್ಮ, ಕಳ್ಳರಿಗೆ ನಮ್ಮ ವಿಳಾಸ ಸರಿಯಾಗಿ ಗೊತ್ತಿದೆಯಾ?"

ಹುಡುಗಿ, "ಬೇರೇನಾದ್ರೂ ಸಹಾಯ ಬೇಕಿತ್ತಾ ಸರ್?" ಎಂದಳು.

ಹತ್ತು ಗಂಟೆಗೆ ಮದುಮಗಳ ತಾಯಿಯೊಬ್ಬರು ಬಂದರು. ಬಾದಾಮಿ ಮುಟ್ಟಿ ನೋಡಿದರು, ರಿಬ್ಬನ್ ಮೆಚ್ಚಿದರು. ಆಮೇಲೆ ಗಾಜಿನಾಚೆ ನೋಡಿ, "ಅಯ್ಯೋ, ಅವರ ಹಿಂದೆ ಅಷ್ಟು ಜನ ಬಿದ್ದಿದ್ದಾರಾ? ಏನೋ ವಿಶೇಷ ಇರಬೇಕು" ಎಂದವರೇ ಬೀದಿ ದಾಟಿಬಿಟ್ಟರು. ಲಾಂಬ್ರೊಸ್ ಕೈಯಲ್ಲಿದ್ದ ರಿಬ್ಬನನ್ನು ಝೀಸಿಸನ ಕತ್ತೆಂದು ಭಾವಿಸಿ ಎರಡು ಸುತ್ತು ಬಿಗಿದ.

ಅಷ್ಟರಲ್ಲಿ ಎವಾಂಥಿಯಾ ಬಂದು ಗಾಯಕ್ಕೆ ಇನ್ನಷ್ಟು ಉಪ್ಪು ಸುರಿದರು. "ಲಾಂಬ್ರೊಸ್, ಸಂಜೆ ಟಿವಿಯವರು ಬರ್ತಾರೆ. ಸಣ್ಣ ಅಂಗಡಿಗಳು ಕಳ್ಳರನ್ನ ಹೇಗೆ ತಡೀತಿವೆ ಅಂತ ತೋರಿಸ್ತಾರಂತೆ. ಅತಿ ಹೆಚ್ಚು ದಾಳಿ ತಡೆದ ಅಂಗಡಿಗೇ ಹೋಗ್ತಾರೆ. ಝೀಸಿಸ್ ಎಷ್ಟು ಅದೃಷ್ಟವಂತ ನೋಡಿ! ನೀವೂ ಬಂದು ಹಿಂದೆ ನಿಂತ್ಕೊಳ್ಳಿ, ಗುಂಪು ಕಾಣಬೇಕು."

ಹಿಂದೆ ನಿಲ್ಲುವುದು! ಝೀಸಿಸನ ಹಿಂದೆ! ಲಾಂಬ್ರೊಸ್ ನಕ್ಕ. ಹಲ್ಲುನೋವಿದ್ದವನು ವೈದ್ಯನಿಗೆ ಬಾಯಿ ತೆರೆದು ತೋರಿಸಿದಂತಿತ್ತು ಆ ನಗು.

ಅವರು ಆಚೆ ಹೋದದ್ದೇ ತಡ, ಅಂಗಡಿಯ ಅಂತರ್ಜಾಲ ಪುಟದಲ್ಲಿ ಬರೆದು ಹಾಕಿದ: "ಇಡೀ ಥೆಸ್ಸಾಲಿ ಪ್ರಾಂತ್ಯದ ಮದುಮಕ್ಕಳೆಲ್ಲರ ಹೆಸರು, ಫೋನ್ ನಂಬರುಗಳು ನಮ್ಮ ಕಂಪ್ಯೂಟರಿನಲ್ಲಿವೆ. ನಮ್ಮಜ್ಜನ ಬಾದಾಮಿಯ ಗುಟ್ಟೂ ಅಲ್ಲೇ ಇದೆ." ಕಳ್ಳರು ಓದಲಿ, ಬಾಯಲ್ಲಿ ನೀರೂರಲಿ ಎಂದು ಕಾದು ಕುಳಿತ. ಅಜ್ಜ ಹೇಸರಗತ್ತೆಗಳ ವ್ಯಾಪಾರಿಯಾಗಿದ್ದ ಎಂಬುದು ಕಳ್ಳರಿಗೇನು ಗೊತ್ತು?

ಕಳ್ಳರು ಓದಲಿಲ್ಲ. ಓದಿದ್ದು ಕೆಳಬೀದಿಯ ದಪ್ಪ ಹೆಂಗಸೊಬ್ಬಳು. ಬಾಗಿಲು ತಳ್ಳಿಕೊಂಡು ಬಂದವಳೇ ಕೂಗಿದಳು. "ಎಲ್ಲಾ ಮದುಮಕ್ಕಳ ಹೆಸರೂ ಇದೆಯೇನಪ್ಪ ನಿನ್ನ ಹತ್ರ? ನನ್ನ ಮಗಳದ್ದೂ ಇದೆಯಾ?"

"ಇದೆ, ಇದೆ" ಎಂದ ಲಾಂಬ್ರೊಸ್, ವ್ಯಾಪಾರದ ಗತ್ತಿನಲ್ಲಿ.

"ಇದೆಯಾ? ಅವಳಿಗೆ ಮದುವೆ ಅಂತ ನಮಗೇ ಗೊತ್ತಿಲ್ಲ! ಯಾರಯ್ಯ ಅವನು? ಹೇಳು!"

ಅವಳನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ವಾಯಾ ಒಂದು ಪೆಟ್ಟಿಗೆ ಬಾದಾಮಿ ಉಚಿತವಾಗಿ ಕೊಡಬೇಕಾಯಿತು. ಆದರೂ ಆ ಮಗಳಿಗೆ ಅಮ್ಮ ಅಂದು ಮಧ್ಯಾಹ್ನದ ಊಟ ಹಾಕಲಿಲ್ಲವೆಂದು ಆಮೇಲೆ ತಿಳಿಯಿತು.

ಕಾವಲುಗಾರನ ಲೆಕ್ಕ ಮಾತ್ರ ಸೊನ್ನೆಯಲ್ಲೇ ಇತ್ತು. ಆಗ ಲಾಂಬ್ರೊಸನಿಗೆ ಹೊಳೆಯಿತು. ಕಳ್ಳರು ಬರದಿದ್ದರೇನು, ತಾನಿಲ್ಲವೇ?

ಪಕ್ಕದ ಬಾಬಿಸನ ಕಾಫಿ ಅಂಗಡಿಯಲ್ಲಿ ಮುದುಕರು ಇಸ್ಪೀಟು ಹಾಕುತ್ತಿದ್ದರು. ಲಾಂಬ್ರೊಸ್ ಒಬ್ಬನ ಬಳಿ ಹೋಗಿ, "ಒಂದ್ನಿಮಿಷ ಫೋನ್ ಕೊಡಪ್ಪ, ಹೆಂಡತಿಗೆ ಮಾತಾಡಬೇಕು" ಎಂದ. ಮೂಲೆಯಲ್ಲಿ ಕುಳಿತು ತನ್ನದೇ ಅಂಗಡಿಯ ಪುಟ ತೆರೆದು, ಗುಪ್ತಪದದ ಜಾಗದಲ್ಲಿ ಝೀಸಿಸನ ಮೇಲೆ ಬಾಯಿಗೆ ಬಂದ ಬೈಗುಳ ಬರೆದ. ಪ್ರವೇಶವಿಲ್ಲ. ಇನ್ನೊಂದು ಬೈಗುಳ. ಪ್ರವೇಶವಿಲ್ಲ. ಓಡಿಹೋಗಿ ತನ್ನ ಪರದೆ ನೋಡಿದರೆ ಸೊನ್ನೆ ಕರಗಿತ್ತು! ಹೊಲದಲ್ಲಿ ಮೊದಲ ಮೊಳಕೆ ಕಂಡವನಂತೆ ಅವನ ಕಣ್ಣು ತುಂಬಿತು.

ಅಲ್ಲಿಂದ ಅವನನ್ನು ತಡೆಯುವವರಿರಲಿಲ್ಲ. ಒಂದಾದ ಮೇಲೊಂದು ಫೋನ್ ಕೇಳಿ ಪಡೆದ. ಇಪ್ಪತ್ತು ವರ್ಷಗಳಿಂದ ಎದೆಯಲ್ಲಿ ಕೂಡಿಟ್ಟಿದ್ದ ಬೈಗುಳಗಳೆಲ್ಲ ಸರಾಗವಾಗಿ ಬೆರಳಿಗಿಳಿದವು.

"ಲಾಂಬ್ರೊಸಣ್ಣ," ಎಂದ ಬಾಬಿಸ್, ಕಾಫಿ ಲೋಟ ಒರೆಸುತ್ತ, "ಹೆಂಡತಿ ಏನಾದ್ರೂ ಓಡಿಹೋದ್ಲಾ? ಊರವರ ಫೋನಿಂದೆಲ್ಲ ಕರೀತಿದ್ದೀಯ. ಅಂಗಡಿ ಇರೋದು ಇಲ್ಲೇ ಪಕ್ಕದಲ್ಲಿ, ಕೂಗಿದ್ರೆ ಕೇಳ್ಸುತ್ತೆ!"

ಇಸ್ಪೀಟಿನ ಮೇಜು ಗೊಳ್ಳೆಂದಿತು. ನಗುವವರು ನಗಲಿ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಅವನ ಲೆಕ್ಕ ಝೀಸಿಸನದನ್ನು ದಾಟಿತು. ಮನೆಯ ಟಿವಿಯನ್ನೇ ಹೊತ್ತು ತಂದು ಕಂಪ್ಯೂಟರಿಗೆ ಜೋಡಿಸಿ ಗಾಜಿನ ಹಿಂದೆ ನಿಲ್ಲಿಸಿದ. "ಇವತ್ತು ನನ್ನ ಧಾರಾವಾಹಿ ಇತ್ತು" ಎಂದ ವಾಯಾಳ ಮಾತು ಅವನ ಕಿವಿಗೆ ಬೀಳಲಿಲ್ಲ. ಎವಾಂಥಿಯಾ ಬಂದು ಪರದೆ ನೋಡಿ ಎದೆ ಮುಟ್ಟಿಕೊಂಡರು. "ಅಯ್ಯೋ ದೇವರೇ! ಹಾಗಾದ್ರೆ ಟಿವಿಯವರು ನಿಮ್ಮಲ್ಲಿಗೇ ಬರಲಿ!"

ಗಾಜಿನಾಚೆ ಝೀಸಿಸ್ ಇತ್ತಲೇ ನೋಡುತ್ತಿದ್ದ. ಜೀವನದಲ್ಲಿ ಮೊದಲ ಸಲ ಲಾಂಬ್ರೊಸ್ ಅವನಿಗೆ ಕೈಬೀಸಿದ.

ಸಂಜೆಗೆ ಅಂಗಿ ಬದಲಿಸಿಕೊಂಡು ಬಂದು, ಲೆಕ್ಕ ಇನ್ನಷ್ಟು ಚೆಂದ ಕಾಣುವಂತೆ ಮಾಡೋಣವೆಂದು ಕಂಪ್ಯೂಟರಿನ ಮುಂದೆ ಕುಳಿತು ಈ ಸಲ ನಿಜವಾದ ಗುಪ್ತಪದವನ್ನೇ ಒತ್ತಿದ. ಪರದೆ ಕೆಂಪಾಯಿತು. "ನಿಮ್ಮ ಪ್ರವೇಶವನ್ನು ನಿಲ್ಲಿಸಲಾಗಿದೆ. ಸಂಘದ ಇನ್ನೊಬ್ಬ ಸದಸ್ಯರು ಖುದ್ದಾಗಿ ಬಂದು ನಿಮ್ಮನ್ನು ಗುರುತಿಸಬೇಕು." ಮುಂಗಡ ಪಡೆದ ಮದುವೆಗಳ ವಿವರವೆಲ್ಲ ಒಳಗೆ ಸಿಕ್ಕಿಕೊಂಡಿತು. ಬಿಲ್ಲಿನ ಯಂತ್ರವೂ ಬಾಯಿಮುಚ್ಚಿತು.

"ಶನಿವಾರದ ಮದುವೆಯವರು ಈಗ ಬರ್ತಾರೆ! ಹೋಗಿ ಝೀಸಿಸನ್ನ ಕರಿ" ಎಂದಳು ವಾಯಾ.

"ಬೇರೆ ಯಾರನ್ನಾದ್ರೂ ಕರಿ."

"ಎವಾಂಥಿಯಾ ಟಿವಿಯವರನ್ನ ಕರೆತರೋಕೆ ರೈಲು ಸ್ಟೇಷನ್ನಿಗೆ ಹೋದ್ರು. ಚಪ್ಪಲಿಯವನು ಬಾಗಿಲು ಹಾಕಿದಾನೆ. ನೀನು ಹೋಗ್ತೀಯೋ, ನಾನೇ ಹೋಗ್ಲೋ?"

ಕರೆಯಬೇಕಾಗಿಯೇ ಬರಲಿಲ್ಲ. ಝೀಸಿಸ್ ತಾನಾಗಿಯೇ ಬಂದು ನಿಂತಿದ್ದ. ಬಂದವನು ಲಾಂಬ್ರೊಸನನ್ನು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ, ಬಾಗಿಲು ಹಾಕಿ, ಎರಡೂ ಕೆನ್ನೆಗೆ ಮುತ್ತಿಟ್ಟ.

"ಲಾಂಬ್ರೊಸ್, ನನ್ನ ಮಾನ ಉಳಿಸಿದೆ ಮಾರಾಯ! ಟಿವಿಯವರು ಬಂದು, ಈ ದಾಳಿಯೆಲ್ಲ ಎಲ್ಲಿಂದ ಬಂತು ಅಂತ ಕೇಳಿದ್ರೆ ಏನು ಹೇಳ್ಬೇಕು ಅಂತ ರಾತ್ರಿಯಿಂದ ಊಟ ಬಿಟ್ಟಿದ್ದೆ."

"ಎಲ್ಲಿಂದ ಬಂತು?"

"ನನ್ನ ಮನೆಯಿಂದ!" ಝೀಸಿಸ್ ಬಾದಾಮಿ ಚೀಲದ ಮೇಲೆ ಕುಸಿದ. "ಥೋಮೈ ಕಣೋ. ನನ್ನ ಹೆಂಡ್ತಿ. ನಾನು ಮದುವೆ ಹುಡುಗೀರಿಗೆ ಏನು ಬರೀತೀನಿ ಅಂತ ನೋಡ್ಬೇಕಂತೆ ಅವಳಿಗೆ. ಅಡುಗೆಮನೆಯಿಂದ, ತಂಗಿ ಮನೆಯಿಂದ, ಕೂದಲು ಕತ್ತರಿಸೋ ಅಂಗಡಿಯಿಂದ, ಎಲ್ಲಿ ಕೂತ್ರೂ ಅದೇ ಕೆಲ್ಸ. ಮೊನ್ನೆ ಚರ್ಚಿಂದಾನೂ ಪ್ರಯತ್ನ ಮಾಡಿದಾಳೆ! ಇಡೀ ಬೀದಿಗೆ ನನ್ನ ಸಂಸಾರವೇ ದೊಡ್ಡ ಅಂಕಿಯಲ್ಲಿ ಕಾಣ್ತಿತ್ತು."

ಲಾಂಬ್ರೊಸನಿಗೆ ನಗು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ಹೊಟ್ಟೆಯುರಿ ಒಂದೇ ಲೋಟ ತಣ್ಣೀರಿನಿಂದ ಆರಿದಂತಾಯಿತು. ಚೀಲಗಳನ್ನು ಹಿಡಿದುಕೊಂಡು, ಕಣ್ಣೀರು ಬರುವಷ್ಟು ನಕ್ಕ. ಹಾಗೆ ನಗುತ್ತಿರುವಾಗ ಹೊರಗೂ ನಗು ಕೇಳಿಸಿತು. ಇಡೀ ಬೀದಿಯ ನಗು.

ಇಬ್ಬರೂ ಹೊರಗೆ ಓಡಿದರು. ಗಾಜಿನಾಚೆ ಎವಾಂಥಿಯಾ, ಟಿವಿಯ ಹೆಣ್ಣುಮಗಳು, ಕ್ಯಾಮೆರಾ, ಇಸ್ಪೀಟಿನ ಮುದುಕರೆಲ್ಲ ನಿಂತಿದ್ದರು. ಲಾಂಬ್ರೊಸ್ ಹೊತ್ತು ತಂದಿದ್ದ ಟಿವಿಯ ತುಂಬ ಅವನದೇ ಮುಖ. ಕಂಪ್ಯೂಟರಿನ ಕ್ಯಾಮೆರಾ ಕಣ್ಣು ಸಂಜೆ ಹಿಡಿದ ಚಿತ್ರ. ನಾಲಿಗೆ ಕಚ್ಚಿಕೊಂಡು, ಕಳ್ಳ ಬೆಕ್ಕಿನಂತೆ ಕಣ್ಣು ಕಿರಿದು ಮಾಡಿಕೊಂಡು ಗುಪ್ತಪದ ಒತ್ತುತ್ತಿದ್ದಾನೆ. ಕೆಳಗೆ ಕಾವಲುಗಾರ ಬರೆದಿತ್ತು: "ಇಂದಿನ ದಾಳಿಗಳು ಹಲವು ಫೋನುಗಳಿಂದ ಬಂದಿದ್ದರೂ ಕೀಲಿ ಒತ್ತಿದ ಕೈ ಒಂದೇ; ಸಂಜೆ ಈ ಕಂಪ್ಯೂಟರಿನಲ್ಲಿ ಒತ್ತಿದ್ದೂ ಅದೇ ಕೈ. ಈ ವ್ಯಕ್ತಿಯನ್ನು ಕಂಡರೆ ಅಂಗಡಿಯ ಯಜಮಾನರಿಗೆ ತಿಳಿಸಿ."

"ಯಾರು ಈ ಮನುಷ್ಯ?" ಎಂದು ಟಿವಿಯವಳು ಮೈಕನ್ನು ಬಾಬಿಸನತ್ತ ಚಾಚಿದಳು.

"ಇವನಾ?" ಎಂದ ಬಾಬಿಸ್. "ಮಧ್ಯಾಹ್ನದಿಂದ ಊರವರ ಫೋನೆಲ್ಲ ಇಸ್ಕೊಂಡು ಹೆಂಡತಿಗೆ ಮಾತಾಡ್ತಿದ್ದ. ನಾನು, ಪಾಪ, ಪ್ರೀತಿ ಅಂದ್ಕೊಂಡಿದ್ದೆ."

ಸುದ್ದಿ ಎಂಟು ಗಂಟೆಗೆ ಬಂತು. ಲಾಂಬ್ರೊಸನ ಮನೆಯಲ್ಲಿ ಟಿವಿ ಇರಲಿಲ್ಲ. ಆದರೆ ಗೋಡೆಯಾಚೆಯ ಮನೆಯವರ ಟಿವಿಯೂ, ಅವರು ನಗುವುದೂ ಚೆನ್ನಾಗಿಯೇ ಕೇಳಿಸುತ್ತಿತ್ತು. ವಾಯಾ ಟೊಮೆಟೊ ರಸದ ದಪ್ಪ ಅವರೆಕಾಳು ಬಡಿಸಿದಳು. ಅವನ ಬಳಿ ಸಮಾಧಾನಕ್ಕೆ ಉಳಿದದ್ದು ಒಂದೇ ಒಂದು. ಅದನ್ನು ಅವಳ ಮುಂದೆ ಬಿಚ್ಚಿದ.

"ನಾನು ಮೂರ್ಖನಾದೆ, ಸರಿ. ಆದ್ರೆ ಝೀಸಿಸನ ಗತಿ ಕೇಳು. ಆ ಮುನ್ನೂರು ದಾಳೀನೂ ಥೋಮೈದಂತೆ! ಗಂಡ ಯಾರಿಗೆ ಏನು ಬರೀತಾನೆ ಅಂತ ನೋಡೋಕೆ ಹಗಲೂ ರಾತ್ರಿ ಒದ್ದಾಡ್ತಾಳಂತೆ! ಹ್ಹ ಹ್ಹ!"

ವಾಯಾ ನಗಲಿಲ್ಲ. ಸೌಟು ಹಿಡಿದ ಕೈ ಗಾಳಿಯಲ್ಲೇ ನಿಂತಿತು. "ಮುನ್ನೂರು ಸಲವಾ?" ಎಂದಳು ಮೆಲ್ಲಗೆ. "ಮದುವೆಯಾಗಿ ಇಷ್ಟು ವರ್ಷ ಆದ್ಮೇಲೂ? ಎಂಥ ಪ್ರೀತಿ ಇರ್ಬೇಕು ಅವಳಿಗೆ."

ಲಾಂಬ್ರೊಸ್ ನಗುವುದನ್ನು ನಿಲ್ಲಿಸಿದ. ಇದನ್ನು ಅವನು ಈ ಕಡೆಯಿಂದ ನೋಡಿರಲಿಲ್ಲ. ಎಲೆಕೋಸು ಮುಖದ ಆ ಝೀಸಿಸನನ್ನು ಕಳೆದುಕೊಂಡುಬಿಟ್ಟೇನೆಂದು ಜಗತ್ತಿನಲ್ಲಿ ಒಬ್ಬ ಹೆಂಗಸು ನಿದ್ದೆಗೆಡುತ್ತಿದ್ದಾಳೆ!

"ವಾಯಾ," ಎಂದ, ಆದಷ್ಟು ಅಸಡ್ಡೆಯ ದನಿಯಲ್ಲಿ. "ನೀನು ಯಾವತ್ತಾದ್ರೂ ನನ್ನ ಫೋನ್ ತೆಗೆದು ನೋಡಿದೀಯಾ?"

"ಇಲ್ಲ."

"ಒಂದ್ಸಲಾನೂ?"

"ಇಲ್ಲಪ್ಪ."

"ಯಾಕೆ? ನನ್ನ ಮೇಲೆ ಅಷ್ಟು ನಂಬಿಕೆಯಾ?"

"ನಂಬಿಕೆ ಗಿಂಬಿಕೆ ಏನಿಲ್ಲ," ಎಂದಳು ವಾಯಾ, ರೊಟ್ಟಿ ಮುರಿಯುತ್ತ. "ನೋಡೋಕೆ ಅದ್ರಲ್ಲಿ ಏನಿದೆ?"

ಲಾಂಬ್ರೊಸ್ ಅವರೆಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಜೇಬಿನಿಂದ ಫೋನ್ ತೆಗೆದ. ಬೀಗ ತೆಗೆದು, ಪರದೆ ಮೇಲಾಗುವಂತೆ, ಅವಳ ತಟ್ಟೆಯ ಪಕ್ಕದಲ್ಲೇ ಇಟ್ಟು, "ಕೈ ತೊಳ್ಕೊಂಡು ಬರ್ತೀನಿ, ಸ್ವಲ್ಪ ಹೊತ್ತಾಗುತ್ತೆ" ಎಂದು ಗಟ್ಟಿಯಾಗಿ ಹೇಳಿ ಎದ್ದು ಹೋದ. ನಲ್ಲಿ ತಿರುಗಿಸಿ ನೀರು ಬಿಟ್ಟು, ಬಾಗಿಲ ಸಂದಿನಿಂದ ಇಣುಕಿದ.

ವಾಯಾ ಫೋನನ್ನು ಕೈಗೆತ್ತಿಕೊಂಡಳು. ಅವನು ಸಂದಿಗೆ ಕಣ್ಣನ್ನು ಇನ್ನಷ್ಟು ಒತ್ತಿ ಹಿಡಿದ.

ಅವಳು ಅದನ್ನು ಮೇಜಿನ ಆ ತುದಿಗಿಟ್ಟು, ತೆರವಾದ ಜಾಗದಲ್ಲಿ ಬಿಸಿ ಪಾತ್ರೆ ಇಟ್ಟಳು.