ಚಿಕ್ಕಮಾರಯ್ಯನ ಭಾವಮೈದ

ನಿಂಬೆಹಣ್ಣಿಗೆ ನಾಲ್ಕಾಣೆ, ಹಬೀಬ್ ಸಾಬರ ತಾಯತಕ್ಕೆ ಒಂದೂವರೆ ರೂಪಾಯಿ, ತುಮಕೂರಿನ ಡಾಕ್ಟರು ಬರೆದ ಟಾನಿಕ್ಕಿಗೆ ಒಂಬತ್ತು. ಇಷ್ಟು ಸುರಿದರೂ ರಂಗಲಕ್ಷ್ಮಮ್ಮನ ಮಗಳು ಉಮಾಮಹೇಶ್ವರಿ ನಾಲ್ಕು ದಿನದಿಂದ ನೆಟ್ಟಗೆ ಒಂದು ತುತ್ತು ಉಂಡಿರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹದಿನೈದು ದಿನವಿತ್ತು. ಪ್ರಿಪರೇಟರಿಯಲ್ಲಿ ಗಣಿತಕ್ಕೆ ಹನ್ನೊಂದು ನಂಬರು ಬಂದಾಗಿನಿಂದ ಹುಡುಗಿಗೆ ಮಾತಿಲ್ಲ, ಕತೆಯಿಲ್ಲ, ಗೋಡೆ ನೋಡಿಕೊಂಡು ಕೂರುವುದೇ ಕೆಲಸ.

ಬೆಳಿಗ್ಗೆ ತಾಯಿ ಅವಳನ್ನು ಕೈಹಿಡಿದು ಗುಬ್ಬಿಯ ಹೈಸ್ಕೂಲಿಗೆ ಎಳೆದು ತಂದಾಗ ಎದುರಿಗೆ ಸಿಕ್ಕಿದವನು ಜವಾನ ಚಿಕ್ಕಮಾರಯ್ಯ. ಇಪ್ಪತ್ತು ವರ್ಷ ಬೆಲ್ ಹೊಡೆದವನಿಗೆ ಮಕ್ಕಳ ಮುಖ ನೋಡಿದರೇ ಯಾವ ಪೀರಿಯಡ್ಡಿಗೆ ಹೆದರಿದ್ದಾರೆ ಅಂತ ಗೊತ್ತಾಗುತ್ತಿತ್ತು. ಈ ಮುಖ ಮಾತ್ರ ಸಂಜೆ ಸಂತೆಯಲ್ಲಿ ಮಿಕ್ಕ ಸೊಪ್ಪಿನ ಹಾಗೆ ಬಾಡಿತ್ತು. ಅವನ ಕರುಳು ಚುರುಕ್ಕೆಂದಿತು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ.

"ಬೋರ್ಡ್ ಆಫೀಸಲ್ಲಿ ನನ್ ಭಾವಮೈದ ಅವ್ನೆ ಕಣವ್ವ. ನಿನ್ ವಿಷ್ಯ ಹೇಳಿದೀನಿ. ಖಾಲಿ ಪೇಪರ್ ಮಾತ್ರ ಕೊಡಬ್ಯಾಡ, ಮಿಕ್ಕಿದ್ದು ಅವ್ನು ನೋಡ್ಕೋತಾನೆ. ಈಗ ಉಣ್ಣು."

ಹುಡುಗಿ ಅವನನ್ನೇ ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಅವನ ಬುತ್ತಿ ಬಿಚ್ಚಿ ಎರಡು ಮುದ್ದೆಯನ್ನೂ ಮುಗಿಸಿದಳು. ಕಾಸಿಲ್ಲದ ಮದ್ದು ಅಂತ ಚಿಕ್ಕಮಾರಯ್ಯ ಖಾಲಿ ಹೊಟ್ಟೆಯಲ್ಲೇ ಹಿಗ್ಗಿದ.

ರಂಗಲಕ್ಷ್ಮಮ್ಮ ಇದನ್ನು ಬೀದಿ ನಲ್ಲಿಯ ಹತ್ತಿರ ಒಬ್ಬಳಿಗೇ ಹೇಳಿದ್ದು, ಅದೂ ಆಣೆ ಹಾಕಿಸಿಕೊಂಡು. ಹಾಗಾಗಿ ಊರಿಗೆಲ್ಲ ಗೊತ್ತಾಗಲು ಮಧ್ಯಾಹ್ನದವರೆಗೂ ಹಿಡಿಯಿತು. ಊಟದ ಬೆಲ್ಲಿನ ಹೊತ್ತಿಗೆ ಹತ್ತನೇ ಕ್ಲಾಸಿನ ತಂದೆತಾಯಿಯರೆಲ್ಲ ಮಕ್ಕಳ ಪರೀಕ್ಷೆ ನಂಬರು ಬರೆದ ಚೀಟಿ ಹಿಡಿದು ಗೇಟಿನಲ್ಲಿದ್ದರು. ಕಡಬದ ಸಿದ್ದಯ್ಯ ತೆಂಗಿನಕಾಯಿ ಗೋಣಿ ಇಳಿಸಿದ. ಸಿದ್ದಗಂಗಮ್ಮ ತಂದ ಹುಂಜ ತಪ್ಪಿಸಿಕೊಂಡು ಆಫೀಸಿಗೆ ನುಗ್ಗಿ ಹಾಜರಿ ಪುಸ್ತಕದ ಮೇಲೆ ಇನ್‌ಸ್ಪೆಕ್ಟರ್ ಹಾಗೆ ನಿಂತಿತು. ಅಂಥ ಭಾವಮೈದನೇ ಇಲ್ಲ ಅನ್ನೋಣವೆಂದರೆ, ಕಿಟಕಿಯಲ್ಲಿ ಉಮಾಮಹೇಶ್ವರಿ ಗಣಿತದ ಪುಸ್ತಕ ತೆರೆದು ಕೂತಿದ್ದಳು. ಚಿಕ್ಕಮಾರಯ್ಯ ಬಾಯಿ ಮುಚ್ಚಿಕೊಂಡ. ಜೇಬು ಚೀಟಿಯಿಂದ ತುಂಬಿತು.

ಹೆಡ್ ಮಾಸ್ಟರ್ ನರಸಿಂಹಯ್ಯನವರು ಅವನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ಅವನು ನಿಜ ಒಪ್ಪಿಕೊಂಡ. ಅದನ್ನೇ ಎಲ್ಲರೆದುರು, ಆ ಹುಡುಗಿಯ ಎದುರೂ ಹೇಳು, ಇಲ್ಲದಿದ್ದರೆ ಇವತ್ತೇ ಸಸ್ಪೆಂಡ್ ಅಂದರು.

ಅವರ ಹಿಂದೆಯೇ ಜಗಲಿಗೆ ಬಂದು ಚಿಕ್ಕಮಾರಯ್ಯ ಹುಡುಗಿಯ ಮುಖ ನೋಡಿದ. ಮನೆಯಲ್ಲಿ ಐದು ಜನ ಉಣ್ಣುವವರಿದ್ದರು.

"ಸಸ್ಪೆಂಡ್ ಮಾಡ್ಬುಡಿ ಸಾರ್."

ಉಮಾಮಹೇಶ್ವರಿ ಎದ್ದು ನಿಂತಳು. "ಮಾರಣ್ಣಂಗೆ ಬೋರ್ಡಲ್ಲಿ ಯಾರೂ ಇಲ್ಲ ಸಾರ್. ಇದ್ದಿದ್ರೆ ಅವ್ರ ಮಗ ಮೂರು ಸಲ ಫೇಲಾಗ್ತಿದ್ನಾ? ನಂಗೆ ಬೆಳಿಗ್ಗೇನೇ ಗೊತ್ತಿತ್ತು."

"ಮತ್ಯಾಕಮ್ಮ ಉಂಡೆ?" ಅಂದರು ಹೆಡ್ ಮಾಸ್ಟರ್.

"ಎಲ್ರೂ ನಂಗೇನೋ ಮೆಟ್ಕೊಂಡೈತೆ ಅಂತಿದ್ರು. ನಂಗೆ ಭಯ ಆಗೈತೆ ಅಂತ ಇವ್ರೊಬ್ರಿಗೇ ಗೊತ್ತಾಗಿದ್ದು."

ನರಸಿಂಹಯ್ಯನವರು ಕನ್ನಡಕ ತೆಗೆದು ಒರೆಸಿದರು. ಸಸ್ಪೆಂಡ್ ಬೇಡ, ಒಂದು ಇನ್‌ಕ್ರಿಮೆಂಟ್ ಮಾತ್ರ ಕಟ್ ಅಂದರು. ಚಿಕ್ಕಮಾರಯ್ಯ ಚೀಟಿ ಕೊಟ್ಟವರತ್ತ ತಿರುಗಿ, ಕೇಳಿಸಿಕೊಂಡಿರಲ್ಲ, ಇನ್ನು ಹೊರಡಿ ಅಂದ. ಒಬ್ಬರೂ ಕದಲಲಿಲ್ಲ.

ಸಿದ್ದಗಂಗಮ್ಮ ಪಕ್ಕದವಳ ಕಿವಿಯಲ್ಲಿ ಅಂದಳು: "ಹುಡುಗೀಗೂ ಹೆಂಗೆ ಹೇಳ್ಕೊಟ್ಟವ್ನೆ ನೋಡೇ. ಯಾರ್ಗೂ ಅನುಮಾನ ಬರ್ಬಾರ್ದು ಅಂತ ಹೆತ್ತ ಮಗನ್ನೇ ಮೂರು ಸಲ ಫೇಲ್ ಮಾಡ್ಸವ್ನೆ."

ಉಮಾಮಹೇಶ್ವರಿ ಗಣಿತದಲ್ಲಿ ಮೂವತ್ತೆಂಟು ತೆಗೆದು ಪಾಸಾದಳು. ಚಿಕ್ಕಮಾರಯ್ಯನ ಇನ್‌ಕ್ರಿಮೆಂಟ್ ಹೋಯಿತು. ಫೇಲಾದ ಹದಿನಾಲ್ಕು ಮಕ್ಕಳ ಮನೆಯವರು ಅವನೊಡನೆ ಮಾತು ಬಿಟ್ಟರು.