ದಾರ ಕಟ್ಟಿದ ಖಾರದ ಡಬ್ಬಿ

ನಮ್ಮ ಅತ್ತೆಗೆ ನನ್ನನ್ನು ಕಂಡರೆ ಅಷ್ಟಕ್ಕಷ್ಟೇ ಎಂಬುದು ಮದುವೆಯಾದ ವರ್ಷವೇ ನನಗೆ ಗೊತ್ತಾಗಿತ್ತು. ಸಾಕ್ಷಿ ಅಡುಗೆಮನೆಯಲ್ಲೇ ಇತ್ತು. ಪ್ರತಿ ಬೇಸಿಗೆಯಲ್ಲೂ ಹೆಂಡತಿಯ ತವರಾದ ಬ್ಯಾಡಗಿಯಿಂದ ರಾಣೆಬೆನ್ನೂರಿನ ನಮ್ಮ ಮನೆಗೆ ಖಾರದ ಪುಡಿ ಬರುತ್ತದೆ. ದೊಡ್ಡ ಡಬ್ಬಿ ಸುಮಾ ಮತ್ತು ನಮ್ಮ ಮಗಳಿಗೆ. ಮುಚ್ಚಳಕ್ಕೆ ದಾರ ಕಟ್ಟಿದ ಸಣ್ಣ ಡಬ್ಬಿ ಅಳಿಯನಿಗೆ. ಸುಮಾ ನನ್ನ ಪಲ್ಯವನ್ನೂ ಬೇರೆಯಾಗಿಯೇ ಮಾಡುತ್ತಿದ್ದಳು.

ನಾನು ಬೀಜದ ಅಂಗಡಿ ಇಟ್ಟವನು. ಒಳ್ಳೆಯ ಮಾಲು ಯಾವುದು, ಉಳಿಕೆ ಮಾಲು ಯಾವುದು ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ತಮ್ಮ ಮಗಳಿಗೆ ಮೊದಲ ದರ್ಜೆ, ಅಳಿಯನಿಗೆ ತಳದ ಕಸ ಎಂದು ತೀರ್ಮಾನಿಸಿ ಅವಮಾನವನ್ನು ಸದ್ದಿಲ್ಲದೆ ನುಂಗುತ್ತಿದ್ದೆ. ನುಂಗಲು ಏನೂ ಕಷ್ಟವಾಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಅಂಗಡಿಗೆ ಬಂದವರ ಮುಂದೆ, "ನಾವು ಬ್ಯಾಡಗಿ ಅಳಿಯಂದ್ರು, ಎಂಥಾ ಖಾರಕ್ಕೂ ಜಗ್ಗಂಗಿಲ್ಲ" ಎಂದು ಮೀಸೆ ತಿರುವುತ್ತಲೂ ಇದ್ದೆ.

ಹೋದ ತಿಂಗಳು ಸುಮಾ ಮಗಳನ್ನು ಕರೆದುಕೊಂಡು ತವರಿಗೆ ಹೋದಳು. ನ್ಯಾಯ ದೊರಕಿಸಿಕೊಳ್ಳಲು ಇದೇ ಸುಸಮಯವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿ, ದೊಡ್ಡ ಡಬ್ಬಿಯ ಖಾರವನ್ನು ಧಾರಾಳವಾಗಿ ಸುರಿದೆ. ಪಕ್ಕದ ಮನೆಯ ಬಸಣ್ಣನನ್ನೂ ಊಟಕ್ಕೆ ಕರೆದೆ. ನ್ಯಾಯಕ್ಕೆ ಸಾಕ್ಷಿ ಬೇಕಲ್ಲ.

ಮೊದಲ ತುತ್ತಿಗೆ ಕಿವಿಯಲ್ಲಿ ರೈಲು ಹೋಯಿತು. ಎರಡನೆಯದಕ್ಕೆ ಬಿಕ್ಕಳಿಕೆ ಹತ್ತಿತು. ಬಸಣ್ಣ ಮಾತ್ರ ಆರಾಮಾಗಿ ರೊಟ್ಟಿ ಮುರಿಯುತ್ತ, "ಭಾಳ ಛಲೋ ಆಗೇತ್ರಿ. ಯಾಕ ಅಳಾಕತ್ತೀರಿ, ವೈನಿ ನೆನಪಾದ್ರೇನು?" ಎಂದ. ಉತ್ತರಿಸಲು ನನ್ನ ನಾಲಿಗೆ ನನ್ನ ಬಳಿ ಇರಲಿಲ್ಲ. ಅವನ ಹೆಂಡತಿ ಮಜ್ಜಿಗೆ ತರುವಷ್ಟರಲ್ಲಿ ನಾನು ಬೆಲ್ಲದ ಡಬ್ಬಿಗೇ ಬಾಯಿ ಹಾಕಿದ್ದೆ.

ಉರಿ ಆರುವ ಮೊದಲೇ ಬ್ಯಾಡಗಿಗೆ ಫೋನ್ ಹಚ್ಚಿದೆ. ಹಳೆಯದನ್ನೆಲ್ಲ ಕೆದಕಿ ಜಗಳ ತೆಗೆದು, ಇನ್ನು ಮುಂದೆ ನಿಮ್ಮ ಡಬ್ಬಿಯೂ ಬೇಡ, ನಿಮ್ಮ ಮನೆಯ ಹೊಸ್ತಿಲೂ ಬೇಡ ಎನ್ನುವವನಿದ್ದೆ. ಫೋನ್ ಎತ್ತಿದವರು ಅತ್ತೆಯೇ. ಖಾರದ ಸುದ್ದಿ ಕೇಳಿದ್ದೇ ಗಾಬರಿಯಾದರು.

"ದೊಡ್ಡ ಡಬ್ಬಿ ಯಾಕ ಮುಟ್ಟಿದ್ರಿ ಅಳಿಯಾರ? ಅದರಾಗ ಗುಂಟೂರ ಕಾಯಿ ಕೂಡಸೇನಿ. ನಿಮ್ಮದು ದಾರ ಕಟ್ಟಿದ್ದು. ಬರೇ ಬ್ಯಾಡಗಿ ಕಾಯಿ, ಬಣ್ಣ ಅಷ್ಟ, ಖಾರ ಕಡಿಮಿ. ಬೀಜಾನೂ ತಗದು ಕುಟ್ಟಸ್ತೇನಿ."

"ನನಗಷ್ಟ ಯಾಕ್ರಿ ಬ್ಯಾರೆ?"

"ನಿಶ್ಚಯದ ದಿನ ಉಣ್ಣಾಕ ಕುಂತಾಗ ನಿಮ್ಮ ಕಣ್ಣಾಗ ನೀರು ಬಂದಿತ್ತು. ಧೂಳ ಬಿತ್ತು ಅಂದ್ರಿ, ಅರ್ಧಕ್ಕ ಎದ್ರಿ. ನನಗ ಭಾಳ ಕೆಟ್ಟ ಅನಿಸ್ತು. ನಿಮಗ ಹೇಳಿದ್ರ ನಾಚಿಗೊಂತೀರಿ ಅಂತ ಸುಮಾಗೂ ಸುಮ್ನಿರು ಅಂದಿದ್ದೆ."

ತಯಾರಾಗಿದ್ದ ಜಗಳವನ್ನೆಲ್ಲ ಅಲ್ಲಿಗೇ ಬಿಟ್ಟೆ. ಪ್ರತಿ ಬೇಸಿಗೆ ಒಂದೊಂದೇ ಕಾಯಿ ಸೀಳಿ ನನಗಾಗಿ ಬೀಜ ತೆಗೆಯುತ್ತಿದ್ದವರನ್ನು ನಾನು ಮನಸ್ಸಿನಲ್ಲೇ ಬೈಯುತ್ತ ಬಂದಿದ್ದೆ. ಕೈ ಉರಿಯುವುದಿಲ್ಲವೇ ಎಂದು ಕೇಳಿದೆ. "ಉರೀತದ. ನೀವು ಹೊಟ್ಟಿ ತುಂಬ ಉಂಡ್ರ ಆತು ಬಿಡ್ರಿ" ಎಂದರು. ನನ್ನ ತಾಯಿ ಹೋದ ಮೇಲೆ ನನ್ನ ಹೊಟ್ಟೆಯ ಬಗ್ಗೆ ಇಷ್ಟು ಯೋಚಿಸುವವರು ಇನ್ನೊಬ್ಬರಿದ್ದಾರೆ ಎಂದು ಗೊತ್ತಾಗಿ ಮನಸ್ಸು ತುಂಬಿ ಬಂತು. ದೊಡ್ಡ ಉಪಕಾರವಾಯಿತು ಎಂದು ಹೇಳಲು ಹೋದೆ, ಬಿಕ್ಕಳಿಕೆಯೇ ಬಂತು.

ಮೀಸೆ ತಿರುವುವುದನ್ನು ಬಿಟ್ಟಿದ್ದೇನೆ. ಮೊನ್ನೆ ಒಂದನೇ ತರಗತಿಯ ಮಗಳು ದೊಡ್ಡ ಡಬ್ಬಿಯ ಖಾರಕ್ಕೆ ಎಣ್ಣೆ ಕಲಸಿ, ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ನಾನು ಕೈ ಚಾಚಿದೆ. ಅವಳು ತಟ್ಟೆಯನ್ನು ಆಚೆ ಸರಿಸಿ ಹೇಳಿದಳು:

"ಬ್ಯಾಡಪ್ಪಾ, ಇದು ದೊಡ್ಡೋರ್ದು. ನಿಂದು ದಾರದ್ದು."