ದೊಡ್ಡಪ್ಪನ ದಾಳಶಾಸ್ತ್ರ

ನನ್ನ ದೊಡ್ಡಪ್ಪನಷ್ಟು ಖಡಕ್ ಮನುಷ್ಯ ಇಡೀ ಯಲ್ಲಾಪುರದಲ್ಲಿ ಇನ್ನೊಬ್ಬನಿಲ್ಲ, ಬೇಕಾದರೆ ಬಾಜಿ ಕಟ್ಟುತ್ತೇನೆ. ಅಲ್ಲ, ದಾಳಕ್ಕೇ ಜೈಲು ಶಿಕ್ಷೆ ಕೊಡುವವನನ್ನು ನೀವು ಬೇರೆಲ್ಲಾದರೂ ನೋಡಿದ್ದೀರಾ?

ಮೊದಲು ಈ ದಾಳ ಮನೆಗೆ ಬಂದ ಕಥೆ ಹೇಳಬೇಕು. ಕಳೆದ ವರ್ಷ ದೊಡ್ಡಮ್ಮನಿಗೆ ಪಾರ್ಶ್ವವಾಯು ಬಡಿದು ಬಲಗೈ ಮುಷ್ಟಿ ಕಟ್ಟಿಕೊಂಡುಬಿಟ್ಟಿತು. ದಿನಾ ರಬ್ಬರ್ ಚೆಂಡು ಹಿಡಿದು ಬಿಟ್ಟು ಮಾಡದಿದ್ದರೆ ಬೆರಳು ಹಾಗೇ ಸೆಟೆದುಹೋಗುತ್ತವೆ ಎಂದು ಡಾಕ್ಟರು ಎಚ್ಚರಿಸಿದ್ದರು. ದೊಡ್ಡಮ್ಮ ಆ ಚೆಂಡನ್ನು ಅಂಗಳಕ್ಕೆ ಎಸೆದಳು, ಅದೂ ಎಡಗೈಯಲ್ಲಿ! "ಆನೆಂತ ಸಣ್ಣ ಹುಡುಗಿಯಾ, ಚೆಂಡು ಹಿಡ್ಕಂಡು ಕೂರಲೆ?" ಎಂದು ಮುಷ್ಟಿಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡವಳು ಯಾರ ಮಾತಿಗೂ ಜಗ್ಗಲಿಲ್ಲ. ಅವಳ ಬೇಜಾರಾದರೂ ಕಳೆಯಲಿ ಎಂದು ನಾನು ಶಿರಸಿಯಲ್ಲಿ ಗೆಳತಿಯರ ಜೊತೆ ಆಡುವ ಆಟವೊಂದನ್ನು ತಂದೆ. ಅದಕ್ಕೆ ಮಣೆಯಿಲ್ಲ, ಕಾಯಿಯಿಲ್ಲ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ. ತಾಳಮದ್ದಳೆಯೇ ಅನ್ನಿ. ಆದರೆ ಎಷ್ಟೇ ವಾದ ಮಾಡಿದರೂ ಪಾತ್ರದ ಕೆಲಸ ಕೈಗೂಡುವುದು ಇಪ್ಪತ್ತು ಮುಖದ ದಾಳ ದೊಡ್ಡ ಅಂಕಿ ತೋರಿಸಿ ಒಪ್ಪಿದರೆ ಮಾತ್ರ.

ಕಥೆ ನಡೆಸುವ ಅಧಿಕಾರವನ್ನು ದೊಡ್ಡಪ್ಪ ಮೊದಲ ದಿನವೇ ನನ್ನಿಂದ ಕಿತ್ತುಕೊಂಡ. ಅರಣ್ಯ ಇಲಾಖೆಯ ಕಟ್ಟಿಗೆ ಡಿಪೋದಲ್ಲಿ ಮರದ ನಾಟಾ ಅಳೆದು ಅಳೆದೇ ನಿವೃತ್ತನಾದವನು ದಾಳವನ್ನು ಸುಮ್ಮನೆ ನಂಬುತ್ತಾನೆಯೇ? ನಾನು ತಂದಿದ್ದ ದಾಳಗಳಲ್ಲಿ ಒಂದೊಂದನ್ನೂ ಗಟ್ಟಿ ಉಪ್ಪುನೀರಿನಲ್ಲಿ ತೇಲಿಬಿಟ್ಟು ಬೆರಳಿನಿಂದ ತಿರುಗಿಸಿದ. ಮತ್ತೆ ಮತ್ತೆ ಒಂದೇ ಮುಖ ಮೇಲೆ ಬಂದರೆ ಅದು ಕಳ್ಳ ದಾಳ. ಅದಕ್ಕೆ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲಿ ಸೆರೆವಾಸ! ಒಂದು ದಿನ, ಸದಾ ಮೂರನ್ನೇ ತೋರಿಸುತ್ತಿದ್ದ ಕೈದಿಯೊಂದು ಉಪ್ಪಿನ ಜೊತೆ ತಪ್ಪಿಸಿಕೊಂಡು ಸಾರಿಗೆ ಬಿದ್ದು, ಅಲ್ಲಿಂದ ನನ್ನ ಹಲ್ಲಿಗೆ ಸಿಕ್ಕಿತು. ನಾನು ಕೆನ್ನೆ ಹಿಡಿದುಕೊಂಡು ಅದನ್ನು ತಟ್ಟೆಗೆ ಉಗಿದರೆ, ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದ.

"ಹದಿನೇಳು. ಸುಧಾರಿಸಿದ್ದು ಅದು," ಎಂದ. ನನ್ನ ಹಲ್ಲಿನ ಸುದ್ದಿಯೇ ಇಲ್ಲ.

ಆಟಕ್ಕೆ ಪಕ್ಕದ ಮನೆಯ ಲಾರಿ ಮಾಲೀಕ ರಫೀಕ್ ಭಾಯಿಯೂ ಬರುತ್ತಾರೆ. ಅವರು ಮಂತ್ರವಾದಿ, ದೊಡ್ಡಮ್ಮ ಕಾಡುಗಳ್ಳರ ನಾಯಕಿ, ನಾನು ಅವಳ ಬಂಟ. ದೊಡ್ಡಪ್ಪನ ಕಥೆಯಲ್ಲಿ ರಾಕ್ಷಸನೂ ಅರಣ್ಯ ತಪಾಸಣೆಯ ನಾಕಾದಲ್ಲಿ ನಿಂತು ಪಾಸು ತೋರಿಸಿಯೇ ಕಾಡು ದಾಟಬೇಕು. ರಫೀಕ್ ಭಾಯಿ ಹಾರುವ ಕುದುರೆ ಏರಿ ಬಂದರೂ ಗೇಟು ಬಿತ್ತು.

"ಸಾಹೇಬ್ರ, ದಿನಾ ನನ್ನ ಲಾರಿ ನಿಲ್ಲಸ್ತಾರ. ಆಟದಾಗ ಕುದರೀನಾದ್ರೂ ಬಿಡ್ರಿ."

"ಮೇಲಿಂದ ಹಾರಿದ್ರೂ ಪಾಸು ಬೇಕು. ದಾಳ ಒಗೀರಿ."

ನಾಲ್ಕು ಬಿತ್ತು. ಕುದುರೆ ಜಪ್ತಿ!

ಒಗೆಯುವುದಕ್ಕೂ ಕಾನೂನು. ಬಲಗೈಯಲ್ಲೇ ಒಗೆಯಬೇಕು, ಅಂಗೈ ಪೂರ್ತಿ ಬಿಚ್ಚಬೇಕು, ದಾಳ ಹಿತ್ತಾಳೆ ಹರಿವಾಣದ ಅಂಚಿಗೆ ತಾಗಬೇಕು. ಈ ಕಾನೂನು ಯಾರಿಗಾಗಿ ಎಂದು ನನಗೂ ರಫೀಕ್ ಭಾಯಿಗೂ ಗೊತ್ತಿತ್ತು, ದೊಡ್ಡಮ್ಮನಿಗೆ ಗೊತ್ತಿರಲಿಲ್ಲವೇ? ಅವಳ ಸರದಿ ಬಂದಾಗ ದೊಡ್ಡಪ್ಪನೇ ಒಂದೊಂದು ಬೆರಳು ಬಿಡಿಸಿ, ದಾಳ ಇಟ್ಟು, ಮಣಿಕಟ್ಟು ತಿರುಗಿಸಿ ಬೀಳಿಸುತ್ತಿದ್ದ. ಆಮೇಲೆ ಸಹಾಯ ಪಡೆದದ್ದಕ್ಕೆ ಮೂರು ಅಂಕ ಕಳೆಯುತ್ತಿದ್ದ!

"ಸ್ವಂತ ಹೆಂಡ್ತಿ ಹತ್ರವೂ ಕಡಿತನಾ?" ಎಂದು ದೊಡ್ಡಮ್ಮ ಕೇಳಿದಳು.

"ಡಿಪೋದಲ್ಲಿ ಹೆಂಡ್ತಿ, ಮಕ್ಕಳು ಹೇಳಿ ರಿಯಾಯ್ತಿ ಇಲ್ಲೆ."

ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮರುದಿನ ನೋಡಿದರೆ ಅಂಗಳಕ್ಕೆ ಬಿದ್ದಿದ್ದ ಚೆಂಡು ಅವಳ ಮಡಿಲಲ್ಲಿತ್ತು. ನಾನು ಬಾಯಿ ಬಿಡುವ ಮೊದಲೇ, "ಯಂಗೆ ಆ ನಾಕಾ ಸುಡಲೆ ಬೇಕು," ಎಂದಳು. ಅಂದಿನಿಂದ ಟೀವಿ ನೋಡುವಾಗಲೂ ಚೆಂಡು ಕೈಯಲ್ಲೇ. ಆದರೂ ಮುಷ್ಟಿ ಮಾತ್ರ ತಾನಾಗಿ ಬಿಚ್ಚಲಿಲ್ಲ.

ಹೋದ ಭಾನುವಾರ ನಾಕಾಕ್ಕೆ ಬೆಂಕಿ ಹಚ್ಚುವ ಗಳಿಗೆ ಬಂತು. ಹದಿನೈದರ ಮೇಲೆ ಬೀಳದಿದ್ದರೆ ನಮ್ಮ ಕಳ್ಳರ ಪಡೆಯೆಲ್ಲ ಸೆರೆ. ದೊಡ್ಡಪ್ಪ ಎಂದಿನಂತೆ ಬೆರಳು ಬಿಡಿಸಲು ಬಂದ.

"ಮುಟ್ಟಡಿ," ಎಂದಳು ದೊಡ್ಡಮ್ಮ.

ದಾಳವನ್ನು ಎಡಗೈಯಿಂದ ಬಲಮುಷ್ಟಿಯೊಳಗೆ ತುರುಕಿ, ತುಟಿ ಕಚ್ಚಿ, ಹರಿವಾಣದ ಮೇಲೆ ಹಿಡಿದಳು. ಹೆಬ್ಬೆರಳು ಸರಿಯಿತು. ತೋರುಬೆರಳು ನಡುಗುತ್ತ ಎದ್ದಿತು. ಎಷ್ಟೋ ಹೊತ್ತಿನ ಮೇಲೆ ಉಳಿದವೂ ಬಿಚ್ಚಿಕೊಂಡವು. ದಾಳ ಠಣ್ಣೆಂದು ಬಿದ್ದು, ಅಂಚಿಗೆ ಬಡಿದು ನಿಂತಿತು.

"ಎರಡು ಬಿತ್ರಿ," ಎಂದು ರಫೀಕ್ ಭಾಯಿ ಹಣೆ ಹಿಡಿದುಕೊಂಡರು.

ದೊಡ್ಡಮ್ಮ ಅವರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಗಂಡನ ಕಡೆ ತಿರುಗಿ, "ನಿಂಗ ಹೇಳಿ, ಎಷ್ಟು?" ಎಂದಳು.

ದೊಡ್ಡಪ್ಪ ಹರಿವಾಣದ ಕಡೆ ಕಣ್ಣೇ ಹಾಯಿಸಿರಲಿಲ್ಲ. ಬಿಚ್ಚಿದ ಆ ಅಂಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಕೂತಿದ್ದ. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು.

"ಆನು ನೋಡಿದ್ನಿಲ್ಲೆ ಮಾರಾಯ್ತಿ," ಎಂದ.

"ನೋಡದೇ ಇದ್ದಿದ್ದು ಲೆಕ್ಕಕ್ಕಿಲ್ಲೆ," ಎಂದಳು ದೊಡ್ಡಮ್ಮ. "ಕೈ ಬಿಡಿ. ಇನ್ನೊಂದ್ಸಲ ಒಗೀತೆ."